ಕ್ಯಾಮೆರಾ ಮತ್ತು ಕುಂಚದ ಮುಂದೆ ನಾಲಿಗೆ: ನಿಲ್ಲದ ಅಂಗವೊಂದನ್ನು ಚಿತ್ರದಲ್ಲಿ ನಿಲ್ಲಿಸುವ ಬಗೆ

ಮೊಬೈಲಿನಲ್ಲಿ ತೆಗೆದ ಸಾಕುನಾಯಿಯ ಚಿತ್ರವೊಂದನ್ನು ಹಿಗ್ಗಿಸಿ ನೋಡಿದರೆ ಸಾಮಾನ್ಯವಾಗಿ ಕಾಣುವುದು ಹೀಗೆ: ಕಣ್ಣುಗಳು ಸ್ಪಷ್ಟವಾಗಿ ಮೂಡಿರುತ್ತವೆ, ಮೂಗಿನ ಮೇಲಿನ ತೇವ ತಿಳಿಯುತ್ತದೆ, ಮೀಸೆಯ ಕೂದಲುಗಳನ್ನು ಎಣಿಸಬಹುದು, ಆದರೆ ಬಾಯಿಂದ ಇಳಿಬಿದ್ದ ನಾಲಿಗೆ ಮಾತ್ರ ಒದ್ದೆ ಬೆರಳಿನಿಂದ ತೀಡಿದ ಬಣ್ಣದಂತೆ ಕದಡಿಹೋಗಿರುತ್ತದೆ. ಒಂದೇ ಕ್ಯಾಮೆರಾ, ಒಂದೇ ಕ್ಷಣ, ಒಂದೇ ಮುಖ. ಆದರೂ ನಾಲಿಗೆಯೊಂದು ಕೈಗೆ ಸಿಗುವುದಿಲ್ಲ. ಸಾಕುಪ್ರಾಣಿಗಳ ಮತ್ತು ಮಕ್ಕಳ ಚಿತ್ರಗಳು ಪ್ರತಿಯೊಬ್ಬರ ಮೊಬೈಲಿನಲ್ಲೂ ತುಂಬಿರುವ ಈ ಕಾಲದಲ್ಲಿ ಇದು ಬಹಳ ಮಂದಿಗೆ ಎದುರಾಗುವ ಸಣ್ಣ ಸಮಸ್ಯೆ.

ಇದಕ್ಕೆ ಉತ್ತರ ಅರ್ಧ ಕ್ಯಾಮೆರಾದಲ್ಲಿದೆ, ಅರ್ಧ ನಾಲಿಗೆಯಲ್ಲೇ ಇದೆ. ಕ್ಯಾಮೆರಾ ಹುಟ್ಟುವ ಸಾವಿರಾರು ವರ್ಷ ಮೊದಲಿನಿಂದ ಶಿಲ್ಪಿಗಳೂ ಚಿತ್ರಕಾರರೂ ಇದೇ ಅಂಗವನ್ನು ಕಲ್ಲಿನಲ್ಲಿ, ಮರದಲ್ಲಿ, ಬಣ್ಣದಲ್ಲಿ ಹಿಡಿದಿಟ್ಟಿದ್ದಾರೆ. ಬಹುಪಾಲು ಹೊತ್ತು ತುಟಿ ಹಲ್ಲುಗಳ ಹಿಂದೆ ಅಡಗಿರುವ, ಹೊರಬಂದರೂ ಕ್ಷಣ ಮಾತ್ರ ಇದ್ದು ಒಳಸೇರುವ ಈ ಅಂಗ ಚಿತ್ರದಲ್ಲಿ ಕಂಡೊಡನೆ ನೋಡುವವರ ಗಮನವನ್ನು ಏಕೆ ಸೆಳೆಯುತ್ತದೆ, ಅದನ್ನು ಹಿಡಿಯುವುದು ಏಕೆ ಕಷ್ಟ, ಹಿಡಿದಾಗ ಅದು ಏನನ್ನು ಹೇಳುತ್ತದೆ ಎಂಬುದನ್ನು ಮೂಲದಿಂದ ನೋಡೋಣ.

ಎಲುಬಿಲ್ಲದ ಅಂಗ ನೆಟ್ಟಗೆ ನಿಲ್ಲುವುದು ಹೇಗೆ?

ಮಾತಿಗೆ ಕಡಿವಾಣವಿಲ್ಲದವರನ್ನು ಕುರಿತು ‘ಎಲುಬಿಲ್ಲದ ನಾಲಿಗೆ’ ಎನ್ನುವುದು ವಾಡಿಕೆ. ಶರೀರಶಾಸ್ತ್ರದ ದೃಷ್ಟಿಯಿಂದಲೂ ಈ ಮಾತು ಸರಿ. ಕೈ ಚಾಚಬೇಕಾದರೆ ಸ್ನಾಯುಗಳು ಎಲುಬನ್ನು ಎಳೆಯುತ್ತವೆ. ಎಲುಬು ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ನಾಲಿಗೆಯೊಳಗೆ ಅಂಥ ಸನ್ನೆಗೋಲಿಲ್ಲ. ಮನುಷ್ಯನ ನಾಲಿಗೆಯಲ್ಲಿ ಎರಡು ಬಗೆಯ ಸ್ನಾಯುಗಳಿವೆ: ದವಡೆ ಮತ್ತು ಗಂಟಲಿನ ಎಲುಬುಗಳಿಂದ ಹೊರಟು ನಾಲಿಗೆಯನ್ನು ಹಿಂದೆ ಮುಂದೆ ಸರಿಸುವ ಸ್ನಾಯುಗಳು ಒಂದು ಬಗೆ, ನಾಲಿಗೆಯೊಳಗೇ ಹುಟ್ಟಿ ಅಲ್ಲೇ ಕೊನೆಗೊಂಡು ಅದರ ಆಕಾರವನ್ನು ಬದಲಿಸುವವು ಇನ್ನೊಂದು ಬಗೆ. ಈ ಎರಡನೆಯ ಗುಂಪಿನ ಎಳೆಗಳು ಉದ್ದಕ್ಕೆ, ಅಡ್ಡಕ್ಕೆ, ಮೇಲಿನಿಂದ ಕೆಳಕ್ಕೆ ಹೀಗೆ ಮೂರೂ ದಿಕ್ಕಿನಲ್ಲಿ ಹೆಣೆದುಕೊಂಡಿವೆ.

ನೀರು ತುಂಬಿದ ಬಲೂನನ್ನು ಅಂಗೈಯಲ್ಲಿ ಹಿಡಿದು ನಡುವೆ ಹಿಸುಕಿದರೆ ಅದು ಎರಡೂ ತುದಿಗೆ ಉದ್ದವಾಗುತ್ತದೆ. ಒಳಗಿನ ನೀರಿನ ಪ್ರಮಾಣ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ನಾಲಿಗೆ ಕೆಲಸ ಮಾಡುವುದು ಹೆಚ್ಚುಕಡಿಮೆ ಇದೇ ತತ್ತ್ವದ ಮೇಲೆ. ಅಡ್ಡ ಸ್ನಾಯುಗಳು ಬಿಗಿದುಕೊಂಡಾಗ ನಾಲಿಗೆ ಸಪೂರವಾಗಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ಉದ್ದದ ಸ್ನಾಯುಗಳು ಬಿಗಿದಾಗ ಗಿಡ್ಡವಾಗಿ ದಪ್ಪವಾಗುತ್ತದೆ. ಆನೆಯ ಸೊಂಡಿಲು ಮತ್ತು ಆಕ್ಟೋಪಸ್‌ನ ತೋಳು ಇದೇ ಜಾತಿಯ ಅಂಗಗಳು.

ಚಿತ್ರ ತೆಗೆಯುವವರಿಗೆ ಇದರಿಂದ ತಿಳಿಯಬೇಕಾದ ಅಂಶವೆಂದರೆ ನಾಲಿಗೆಗೆ ಕೀಲುಗಳಿಲ್ಲದ ಕಾರಣ ಅದಕ್ಕೆ ನಿಶ್ಚಿತ ಭಂಗಿಯೂ ಇಲ್ಲ ಎಂಬುದು. ಕುದುರೆ ಓಡುವಾಗ ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೆಂದು ಅಂದಾಜಿಸಬಹುದು, ಆದರೆ ನಾಯಿಯ ನಾಲಿಗೆಯ ಮುಂದಿನ ಮಡಿಕೆ ಎಲ್ಲಿ ಮೂಡುತ್ತದೆ ಎಂದು ಹೇಳಲಾಗದು. ಚಿತ್ರಕಾರನ ಕಷ್ಟವೂ ಇದೇ. ಕೈಯನ್ನು ಬರೆಯಲು ಕಲಿಯುವವನು ಎಲುಬಿನ ಚೌಕಟ್ಟಿನಿಂದ ಆರಂಭಿಸುತ್ತಾನೆ; ನಾಲಿಗೆಯನ್ನು ಬರೆಯುವವನಿಗೆ ಹಿಡಿಯಲು ಸಿಗುವುದು ನಡುವಿನ ಉದ್ದ ಗೆರೆ ಮತ್ತು ಅಂಚಿನ ಬಾಗು, ಇವೆರಡೇ.

ಹತ್ತಿರದಿಂದ ಕಾಣುವ ಮೇಲ್ಮೈ

ಕನ್ನಡಿಯ ಮುಂದೆ ನಿಂತು, ಒಳ್ಳೆಯ ಬೆಳಕಿನಲ್ಲಿ, ನಾಲಿಗೆಯನ್ನು ಚಾಚಿ ನೋಡಿಕೊಳ್ಳಿ. ಮಖಮಲ್ಲಿನ ಬಟ್ಟೆಯಂತೆ ಮಾಸಲು ಗುಲಾಬಿ ಬಣ್ಣದ ಹರಹು, ಅದರ ನಡುವೆ ಅಲ್ಲಲ್ಲಿ, ತುದಿಯ ಹತ್ತಿರ ಹೆಚ್ಚಾಗಿ, ಸಣ್ಣ ಕೆಂಪು ಚುಕ್ಕೆಗಳು ಕಾಣುತ್ತವೆ. ಮಖಮಲ್ಲಿನ ನೂಲಿನಂತಿರುವ ಮೊನಚು ಉಬ್ಬುಗಳಿಗೂ ರುಚಿಗೂ ಸಂಬಂಧವಿಲ್ಲ. ಅವು ಆಹಾರವನ್ನು ಹಿಡಿಯಲು, ಉಜ್ಜಲು ಇರುವಂಥವು. ಅಣಬೆಯ ಆಕಾರದ ಕೆಂಪು ಚುಕ್ಕೆಗಳಲ್ಲಿ ರುಚಿಮೊಗ್ಗುಗಳಿವೆ. ನಾಲಿಗೆಯನ್ನು ಇನ್ನಷ್ಟು ಚಾಚಲು ಸಾಧ್ಯವಾದರೆ ಹಿಂಭಾಗದಲ್ಲಿ ಎಂಟರಿಂದ ಹನ್ನೆರಡು ದೊಡ್ಡ ಗುಂಡು ಉಬ್ಬುಗಳು ಬಾಣದ ಮೊನೆಯಂತೆ ಸಾಲಾಗಿರುವುದು ಕಂಡೀತು. ತುದಿಯಲ್ಲಿ ಸಿಹಿ, ಬುಡದಲ್ಲಿ ಕಹಿ ಎಂದು ಭಾಗ ಮಾಡಿ ತೋರಿಸುವ ನಕ್ಷೆ ಪಠ್ಯಗಳಲ್ಲಿ ಬಹುಕಾಲ ಉಳಿದುಕೊಂಡಿತ್ತು. ವಾಸ್ತವದಲ್ಲಿ ರುಚಿಮೊಗ್ಗುಗಳಿರುವ ಎಲ್ಲ ಕಡೆಯೂ ಎಲ್ಲ ರುಚಿಗಳು ತಿಳಿಯುತ್ತವೆ. ಚಿತ್ರವೊಂದು ತಪ್ಪು ತಿಳಿವಳಿಕೆಯನ್ನು ಎಷ್ಟು ಗಟ್ಟಿಯಾಗಿ ಬೇರೂರಿಸಬಲ್ಲದು ಎಂಬುದಕ್ಕೆ ಇದೂ ಒಂದು ಉದಾಹರಣೆ.

ಬೆಕ್ಕಿನ ನಾಲಿಗೆ ನಮ್ಮ ಕೈಯನ್ನು ಉಜ್ಜುಕಾಗದದಂತೆ ತರಚುವುದು ಅದರ ಮೇಲಿನ ಕೊಕ್ಕೆಗಳಿಂದ. ಉಗುರಿನ ಪದಾರ್ಥದಿಂದಲೇ ಆದ ಈ ಕೊಕ್ಕೆಗಳು ಗಂಟಲಿನ ಕಡೆಗೆ ಬಾಗಿರುತ್ತವೆ. ಅವುಗಳ ತುದಿ ಟೊಳ್ಳಾಗಿದ್ದು ಸಣ್ಣ ಚಮಚದಂತೆ ಜೊಲ್ಲನ್ನು ಹೀರಿ, ತುಪ್ಪಳದ ಬುಡದವರೆಗೆ ಒಯ್ದು ಬಿಡುತ್ತವೆ ಎಂಬುದನ್ನು ಅಮೆರಿಕದ ಸಂಶೋಧಕರು 2018ರಲ್ಲಿ ತೋರಿಸಿದರು. ತೀರ ಹತ್ತಿರದಿಂದ ತೆಗೆಯಲು ಬಳಸುವ ಮ್ಯಾಕ್ರೋ ಲೆನ್ಸ್ ಇದ್ದರೆ, ಬೆಕ್ಕು ಆಕಳಿಸುವಾಗ, ಈ ಕೊಕ್ಕೆಗಳ ಸಾಲು ಸಾಧಾರಣ ಕ್ಯಾಮೆರಾಕ್ಕೂ ಸಿಗುತ್ತದೆ.

ಪತ್ರಿಕೆಗಳಲ್ಲಿ ಬರುವ, ನೀಲಿ ನೇರಳೆ ಬಣ್ಣದ ಕಾಡಿನಂತೆ ಕಾಣುವ ನಾಲಿಗೆಯ ಚಿತ್ರಗಳು ಬೇರೆ ಬಗೆಯವು. ಅವನ್ನು ತೆಗೆಯುವುದು ಬೆಳಕಿನ ಬದಲು ಎಲೆಕ್ಟ್ರಾನುಗಳ ಕಿರಣವನ್ನು ಬಳಸುವ ಸೂಕ್ಷ್ಮದರ್ಶಕದಿಂದ. ಸಾಮಾನ್ಯವಾಗಿ ಮಾದರಿಯನ್ನು ಒಣಗಿಸಿ, ಚಿನ್ನದಂಥ ಲೋಹದ ತೆಳು ಲೇಪ ಕೊಟ್ಟು, ನಿರ್ವಾತದಲ್ಲಿ ಇಟ್ಟು ಚಿತ್ರ ತೆಗೆಯಬೇಕಾಗುತ್ತದೆ. ಬರುವ ಚಿತ್ರ ಕಪ್ಪು ಬಿಳುಪು. ಬಣ್ಣ ತುಂಬುವುದು ಆಮೇಲೆ. ಆದ್ದರಿಂದ ಅಂಥ ಚಿತ್ರದ ಆಕಾರವನ್ನು ನಂಬಬಹುದು, ಬಣ್ಣವನ್ನು ನಂಬುವಂತಿಲ್ಲ.

ವೇಗ: ನಾಲಿಗೆ ಕದಡುವುದು ಏಕೆ?

ಕ್ಯಾಮೆರಾ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವ ಅವಧಿಯನ್ನು ಷಟರ್ ವೇಗ ಎನ್ನುತ್ತಾರೆ. 1/60 ಎಂದರೆ ಒಂದು ಸೆಕೆಂಡಿನ ಅರವತ್ತನೇ ಒಂದು ಭಾಗ. ಅಷ್ಟು ಹೊತ್ತಿನಲ್ಲಿ ವಸ್ತು ಎಷ್ಟು ಚಲಿಸುತ್ತದೆಯೋ ಅಷ್ಟೂ ದೂರ ಚಿತ್ರದಲ್ಲಿ ಎಳೆದ ಗುರುತಾಗಿ ಉಳಿಯುತ್ತದೆ.

ಬೆಕ್ಕಿನ ಉದಾಹರಣೆಯನ್ನೇ ಲೆಕ್ಕ ಹಾಕಬಹುದು. ನೀರು ಕುಡಿಯುವಾಗ ಅದರ ನಾಲಿಗೆಯ ತುದಿ ಸೆಕೆಂಡಿಗೆ ಸುಮಾರು 78 ಸೆಂಟಿಮೀಟರ್ ವೇಗದಲ್ಲಿ ಮೇಲೇಳುತ್ತದೆ. 1/60 ಸೆಕೆಂಡಿನಲ್ಲಿ ಅದು 13 ಮಿಲಿಮೀಟರ್ ಸರಿದಿರುತ್ತದೆ, ಎಂದರೆ ಚಿತ್ರದಲ್ಲಿ ನಾಲಿಗೆಯ ತುದಿ ಎಂಬುದೇ ಇರುವುದಿಲ್ಲ. 1/1000ಕ್ಕೆ ಬಂದರೆ ಸರಿಯುವುದು ಒಂದು ಮಿಲಿಮೀಟರಿಗಿಂತ ಕಡಿಮೆ. ಅದೇ ಹೊತ್ತಿನಲ್ಲಿ ಬೆಕ್ಕಿನ ಕಣ್ಣು ಹೆಚ್ಚುಕಡಿಮೆ ಅಲುಗದೆ ಇರುವುದರಿಂದ ಅದು ನಿಧಾನದ ಷಟರಿಗೂ ಸಿಗುತ್ತದೆ. ನಾಯಿಯ ಚಿತ್ರದಲ್ಲಿ ಆಗುವುದೂ ಇದೇ: ಸೆಕೆ ತಾಳದೆ ಏದುವ ನಾಯಿ ನಿಮಿಷಕ್ಕೆ ಸುಮಾರು 300 ಬಾರಿ ಉಸಿರಾಡುತ್ತದೆ, ಪ್ರತಿ ಉಸಿರಿಗೂ ನಾಲಿಗೆ ಕುಣಿಯುತ್ತದೆ; ಮೊಬೈಲು ಮಾತ್ರ ಮನೆಯೊಳಗಿನ ಮಂದ ಬೆಳಕನ್ನು ಸರಿದೂಗಿಸಲು ತಾನಾಗಿಯೇ ಷಟರನ್ನು ನಿಧಾನಗೊಳಿಸಿರುತ್ತದೆ.

ಈ ಲೆಕ್ಕವನ್ನು ಪರೀಕ್ಷಿಸಲು ನಾನು ಮನೆಯ ಬೆಕ್ಕಿನ ಬಟ್ಟಲನ್ನು ಕಿಟಕಿಯ ಪಕ್ಕಕ್ಕೆ ಸರಿಸಿ, ನೆಲದ ಮೇಲೆ ಮಲಗಿ, ಕ್ಯಾಮೆರಾವನ್ನು ಬಟ್ಟಲಿನ ಅಂಚಿನ ಮಟ್ಟಕ್ಕೆ ಇಟ್ಟು ಕಾದೆ. ಮೊದಲ ದಿನದ ಚಿತ್ರಗಳಲ್ಲಿ ಸಿಕ್ಕಿದ್ದು ಗುಲಾಬಿ ಬಣ್ಣದ ಹೊಗೆ. ಮರುದಿನ ಷಟರನ್ನು 1/2000ಕ್ಕೆ ಏರಿಸಿ, ಒಂದೇ ಒತ್ತಿಗೆ ಸಾಲು ಚಿತ್ರಗಳು ಬರುವಂತೆ ಮಾಡಿದಾಗ ಹತ್ತಾರು ಚಿತ್ರಗಳ ನಡುವೆ ಒಂದರಲ್ಲಿ ಅದು ಕಾಣಿಸಿತು: ನಾಲಿಗೆಯ ತುದಿ ಕೆಳಕ್ಕೂ ಹಿಂದಕ್ಕೂ ಮಡಿಚಿಕೊಂಡಿದೆ, ಅದರ ಮೇಲ್ಮೈ ನೀರಿನಿಂದ ತುಸು ಮೇಲೆದ್ದಿದೆ, ಬಟ್ಟಲಿನ ನೀರಿನಿಂದ ಅಲ್ಲಿಯವರೆಗೆ ಗಾಜಿನ ಕಡ್ಡಿಯಂತೆ ನೀರಿನ ಕಂಬವೊಂದು ಎದ್ದು ನಿಂತಿದೆ. ಬೆಕ್ಕು ನಾಲಿಗೆಯನ್ನು ಚಮಚದಂತೆ ಬಳಸಿ ನೀರನ್ನು ಮೊಗೆಯುತ್ತದೆ ಎಂಬ ನನ್ನ ಕಲ್ಪನೆ ಆ ಒಂದು ಚಿತ್ರದಲ್ಲಿ ಮುಗಿಯಿತು.

ಇದನ್ನು ಮೊದಲು ಕಂಡವನು ನಾನಲ್ಲ ಎಂಬುದನ್ನು ಹೇಳಬೇಕಾಗಿಲ್ಲ. ಕ್ಷಣಮಾತ್ರ ಮಿಂಚುವ ದೀಪಗಳಿಂದ ವೇಗದ ಚಲನೆಯನ್ನು ನಿಲ್ಲಿಸಿ ತೋರಿಸಿದ ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಯ ಹೆರಾಲ್ಡ್ ಎಡ್ಗರ್ಟನ್ 1940ರಲ್ಲಿ, ಆಸ್ಕರ್ ಪಡೆದ ಕಿರುಚಿತ್ರವೊಂದಕ್ಕಾಗಿ, ಹಾಲು ಕುಡಿಯುವ ಬೆಕ್ಕನ್ನು ಚಿತ್ರಿಸಿದ್ದ. ಹಿಂದಕ್ಕೆ ಬಾಗಿದ ನಾಲಿಗೆ ಅದರಲ್ಲಿ ಸ್ಪಷ್ಟವಾಗಿದೆ. 2010ರಲ್ಲಿ ಅದೇ ಸಂಸ್ಥೆಯ ಸಂಶೋಧಕರು ಅತಿವೇಗದ ಕ್ಯಾಮೆರಾದಿಂದ ಇದರ ಲೆಕ್ಕಾಚಾರವನ್ನು ಬಿಡಿಸಿದರು. ಬೆಕ್ಕು ಸೆಕೆಂಡಿಗೆ ನಾಲ್ಕು ಬಾರಿಯಷ್ಟು ನಾಲಿಗೆಯಿಂದ ನೀರಿನ ಮೇಲ್ಮೈಯನ್ನು ಮುಟ್ಟಿ ಎಳೆಯುತ್ತದೆ. ಅಂಟಿಕೊಂಡ ನೀರು ಕಂಬವಾಗಿ ಮೇಲೇಳುತ್ತದೆ. ಭಾರಕ್ಕೆ ಅದು ಮರಳಿ ಬೀಳುವ ಮೊದಲೇ ಬೆಕ್ಕು ಬಾಯಿ ಮುಚ್ಚಿ ಕಂಬದ ತುದಿಯನ್ನು ಕಚ್ಚಿಕೊಳ್ಳುತ್ತದೆ. ನಾಯಿಯೂ ನಾಲಿಗೆಯನ್ನು ಹಿಂದಕ್ಕೆ ಮಡಿಚುತ್ತದೆ, ಆದರೆ ಅದನ್ನು ನೀರಿಗೆ ಜೋರಾಗಿ ಅಪ್ಪಳಿಸಿ ಇನ್ನೂ ವೇಗವಾಗಿ ಎಳೆಯುತ್ತದೆ. ಬೆಕ್ಕು ಕುಡಿಯುವ ಚಿತ್ರ ಶುಭ್ರವಾಗಿಯೂ ನಾಯಿ ಕುಡಿಯುವ ಚಿತ್ರ ಸುತ್ತಲೂ ಹನಿ ಹಾರಿದ ರಂಪವಾಗಿಯೂ ಬರುವುದು ಇದರಿಂದ.

ಗೋಸುಂಬೆಯ ಮುಂದೆ ಈ ವೇಗ ಏನೂ ಅಲ್ಲ. ಅದರ ನಾಲಿಗೆಯ ನಡುವೆ ಕಡ್ಡಿಯಂಥ ಮೂಳೆಯಿದೆ. ಅದರ ಸುತ್ತ ಉಂಗುರದಂಥ ಸ್ನಾಯು ಬಿಗಿದುಕೊಂಡು ಒಳಗಿನ ಸ್ಥಿತಿಸ್ಥಾಪಕ ಪದರಗಳನ್ನು ಬಿಲ್ಲಿನ ಹೆದೆಯಂತೆ ಎಳೆದಿಡುತ್ತದೆ. ಒದ್ದೆ ಬೆರಳುಗಳ ನಡುವೆ ಒತ್ತಿ ಹಿಡಿದ ಸಾಬೂನಿನ ಚೂರು ಜಾರಿ ಸಿಡಿಯುವಂತೆ ನಾಲಿಗೆ ಆ ಮೂಳೆಯ ತುದಿಯಿಂದ ಸಿಡಿಯುತ್ತದೆ. ಹೆಬ್ಬೆರಳಿನಷ್ಟೇ ಉದ್ದದ ಒಂದು ಆಫ್ರಿಕನ್ ಗೋಸುಂಬೆಯಲ್ಲಿ ಈ ವೇಗವರ್ಧನೆ ಗುರುತ್ವಾಕರ್ಷಣೆಯ 264 ಪಟ್ಟು ಎಂದು 2016ರ ಅಧ್ಯಯನವೊಂದು ದಾಖಲಿಸಿತು. ಅದಕ್ಕೆ ಬಳಸಿದ್ದು ಸೆಕೆಂಡಿಗೆ 3,000 ಚಿತ್ರ ತೆಗೆಯುವ ಕ್ಯಾಮೆರಾ. ಚಿಕ್ಕ ಗೋಸುಂಬೆಗಳೇ ಈ ಓಟದಲ್ಲಿ ಮುಂದು.

ಇಂಥ ಕಡೆ ಷಟರಿನ ವೇಗವೂ ಸಾಲದು. ಛಾಯಾಗ್ರಾಹಕರು ಸುತ್ತಲಿನ ಬೆಳಕನ್ನು ಕಡಿಮೆ ಮಾಡಿ, ಫ್ಲಾಶ್‌ನಿಂದಲೇ ಚಿತ್ರ ಮೂಡುವಂತೆ ನೋಡಿಕೊಳ್ಳುತ್ತಾರೆ. ಫ್ಲಾಶ್‌ನ ಶಕ್ತಿಯನ್ನು ತಗ್ಗಿಸಿದಷ್ಟೂ ಅದು ಮಿಂಚುವ ಅವಧಿ ಕುಗ್ಗುತ್ತದೆ. 1/10,000 ಸೆಕೆಂಡಿಗಿಂತಲೂ ಕಡಿಮೆಯಾಗಬಲ್ಲದು. ಬೆಳಕು ಇದ್ದದ್ದೇ ಅಷ್ಟು ಹೊತ್ತು ಎಂದಾದ ಮೇಲೆ ಷಟರ್ ಎಷ್ಟು ಹೊತ್ತು ತೆರೆದಿದ್ದರೂ ಚಿಂತೆಯಿಲ್ಲ. ಇನ್ನೊಂದು ಉಪಾಯ ಕೋನಕ್ಕೆ ಸಂಬಂಧಿಸಿದ್ದು. ಹತ್ತಿರದಿಂದ ತೆಗೆಯುವಾಗ ಸ್ಪಷ್ಟವಾಗಿ ಮೂಡುವ ಆಳ ಕೆಲವೇ ಮಿಲಿಮೀಟರ್. ನಾಲಿಗೆ ಕ್ಯಾಮೆರಾದತ್ತ ಬಂದರೆ ತುದಿ ಅಥವಾ ಬುಡ ಯಾವುದಾದರೊಂದು ಮಸುಕಾಗುತ್ತದೆ. ಗೋಸುಂಬೆಯ ಹೆಸರಾಂತ ಚಿತ್ರಗಳೆಲ್ಲ ಹೆಚ್ಚಾಗಿ ಪಕ್ಕದಿಂದ ತೆಗೆದವಾಗಿರುವುದು ಇದೇ ಕಾರಣಕ್ಕೆ.

ವೇಗದ ಕ್ಯಾಮೆರಾ ಒಮ್ಮೊಮ್ಮೆ ಪಠ್ಯವನ್ನೇ ತಿದ್ದಿಸುತ್ತದೆ. ಹೂವಿನ ಮುಂದೆ ಗಾಳಿಯಲ್ಲಿ ನಿಂತು ಮಕರಂದ ಕುಡಿಯುವ ಹಮ್ಮಿಂಗ್‌ಬರ್ಡ್‌ನ ನಾಲಿಗೆ ಸಣ್ಣ ಕೊಳವೆಯಂತೆ ದ್ರವವನ್ನು ತಾನಾಗಿ ಏರಿಸುತ್ತದೆ ಎಂದು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ನಂಬಲಾಗಿತ್ತು. 2011ರಲ್ಲಿ ಪಾರದರ್ಶಕ ಹೂವಿನಂಥ ಸಾಧನಗಳ ಮೂಲಕ ತೆಗೆದ ದೃಶ್ಯಗಳಲ್ಲಿ, ಕವಲೊಡೆದ ನಾಲಿಗೆಯ ತುದಿಯ ಝಾಲರಿ ಮಕರಂದದೊಳಗೆ ಬಿಚ್ಚಿಕೊಂಡು, ಹೊರಬರುವಾಗ ಮುಚ್ಚಿ ದ್ರವವನ್ನು ಸೆರೆಹಿಡಿಯುವುದು ಕಂಡುಬಂತು. ಇದೆಲ್ಲ ನಡೆಯುವುದು ಸೆಕೆಂಡಿನ ಸಣ್ಣ ಭಾಗದಲ್ಲಿ, ಹೂವಿನೊಳಗೆ. ಬರಿಗಣ್ಣಿಗೆ ಇದನ್ನು ನೋಡುವ ದಾರಿಯೇ ಇರಲಿಲ್ಲ.

ತೇವ, ಹೊಳಪು, ಕೆಂಪು

ವೇಗವನ್ನು ಗೆದ್ದ ಮೇಲೆ ಬೆಳಕಿನ ಸಮಸ್ಯೆ ಉಳಿಯುತ್ತದೆ. ಮಳೆ ನಿಂತ ರಾತ್ರಿ ರಸ್ತೆಯ ಮೇಲೆ ವಾಹನದ ದೀಪ ಬಿದ್ದಾಗ ರಸ್ತೆ ಕಾಣುವುದಿಲ್ಲ, ಬರೀ ಹೊಳಪು ಕಾಣುತ್ತದೆ. ಜೊಲ್ಲಿನಿಂದ ತೊಯ್ದ ನಾಲಿಗೆಯ ಮೇಲೆ ನೇರವಾದ ಫ್ಲಾಶ್ ಬಿದ್ದಾಗಲೂ ಹಾಗೆಯೇ ಬಿಳಿ ತೇಪೆಗಳು ಮೂಡಿ ಉಬ್ಬುಗಳೆಲ್ಲ ಮರೆಯಾಗುತ್ತವೆ. ಬಿಳಿ ಬಟ್ಟೆಯ ಮೂಲಕವೋ ಗೋಡೆಗೆ ತಾಗಿಸಿಯೋ ಬೆಳಕನ್ನು ಮೆದುವಾಗಿಸುವುದು ಸುಲಭದ ಉಪಾಯ. ಹೊಳಪನ್ನು ಪೂರಾ ತೆಗೆಯಬೇಕಾದಾಗ ದೀಪದ ಮುಂದೊಂದು, ಲೆನ್ಸಿನ ಮುಂದೊಂದು ಪೋಲರೈಸಿಂಗ್ ಫಿಲ್ಟರನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಗಾಜು) ಪರಸ್ಪರ ಅಡ್ಡವಾಗಿ ಇಡುತ್ತಾರೆ. ದಂತವೈದ್ಯಕೀಯ ಚಿತ್ರಗಳಲ್ಲಿ ಈ ಪದ್ಧತಿಯಿದೆ. ಆದರೆ ಕಲೆಯ ದೃಷ್ಟಿಯಿಂದ ಹೊಳಪೇ ಇಲ್ಲದ ನಾಲಿಗೆ ನಿರ್ಜೀವವಾಗಿ ಕಾಣುತ್ತದೆ. ತೈಲವರ್ಣದ ಚಿತ್ರಕಾರರು ಕೊನೆಯಲ್ಲಿ ಒಂದು ಚುಕ್ಕೆ ಬಿಳಿ ಇಟ್ಟು ಕಣ್ಣಿಗೂ ತುಟಿಗೂ ತೇವ ತರುವಂತೆ, ಒಂದೆರಡು ಸಣ್ಣ ಹೊಳಪುಗಳನ್ನು ಉಳಿಸಿಕೊಳ್ಳುವುದು ಒಳ್ಳೆಯದು.

ಕೆಂಪು ಬಣ್ಣವೂ ತೊಂದರೆ ಕೊಡುತ್ತದೆ. ಡಿಜಿಟಲ್ ಕ್ಯಾಮೆರಾ ಕೆಂಪು, ಹಸಿರು, ನೀಲಿಗಳನ್ನು ಬೇರೆಬೇರೆ ಅಳೆಯುತ್ತದೆ. ಬಿಸಿಲಿನಲ್ಲಿ ನಾಲಿಗೆಯ ಕೆಂಪು ಅಳತೆಯ ಮಿತಿ ಮೀರಿದರೆ ವಿವರಗಳಿಲ್ಲದ ಒಂದೇ ಬಣ್ಣದ ಪಟ್ಟೆ ಉಳಿಯುತ್ತದೆ. ಚಿತ್ರವನ್ನು ತುಸು ಮಬ್ಬಾಗಿಯೇ ತೆಗೆದುಕೊಂಡು ಆಮೇಲೆ ಬೆಳಗಿಸುವುದು ಕ್ಷೇಮ. ಬೆಳಕು ಹಿಂದಿನಿಂದ ಬಂದಾಗ ಮಾತ್ರ ಇದೇ ಕೆಂಪು ವರವಾಗುತ್ತದೆ: ಟಾರ್ಚಿನ ಮೇಲೆ ಬೆರಳು ಮುಚ್ಚಿದಾಗ ಬೆರಳು ಕೆಂಡದಂತೆ ಕಾಣುವ ಹಾಗೆ ಸಂಜೆಯ ಬಿಸಿಲಿಗೆ ಅಡ್ಡವಾದ ನಾಯಿಯ ನಾಲಿಗೆ ಒಳಗಿನಿಂದ ಬೆಳಗಿದಂತಿರುತ್ತದೆ.

ಎಲ್ಲ ನಾಲಿಗೆಗಳೂ ಕೆಂಪಲ್ಲ. ಅರ್ಧ ಮೀಟರಿನಷ್ಟು ಉದ್ದದ ಜಿರಾಫೆಯ ನಾಲಿಗೆಯ ಮುಂಭಾಗ ಕಪ್ಪು ನೇರಳೆ. ದಿನದ ಬಹುಭಾಗ ಎಲೆ ಕೀಳುತ್ತ ಹೊರಗಿರುವ ನಾಲಿಗೆಗೆ ಬಿಸಿಲಿನಿಂದ ರಕ್ಷಣೆಯಾಗಿ ಈ ಬಣ್ಣ ಬಂದಿರಬಹುದು ಎಂದು ಊಹಿಸಲಾಗಿದೆ. ಆಸ್ಟ್ರೇಲಿಯಾದ ನೀಲಿನಾಲಿಗೆಯ ಹಲ್ಲಿಯ ವಿಷಯ ಇನ್ನೂ ವಿಚಿತ್ರ. ಶತ್ರು ತೀರ ಹತ್ತಿರ ಬಂದಾಗ ಅದು ಇದ್ದಕ್ಕಿದ್ದಂತೆ ಬಾಯಿ ತೆರೆದು ಅಗಲವಾದ ನೀಲಿ ನಾಲಿಗೆಯನ್ನು ಚಾಚುತ್ತದೆ. ಆ ನಾಲಿಗೆಯ ಹಿಂಭಾಗ ಅತಿನೇರಳೆ ಕಿರಣಗಳನ್ನು ಹೆಚ್ಚು ಪ್ರತಿಫಲಿಸುತ್ತದೆ. ನಮ್ಮ ಕಣ್ಣಿಗೆ ಅದು ಕಾಣದು, ಅನೇಕ ಹಕ್ಕಿಗಳಿಗೆ ಕಾಣುತ್ತದೆ. ಸಾಮಾನ್ಯ ಕ್ಯಾಮೆರಾದ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಶತ್ರು ಕಂಡದ್ದನ್ನು ಅದು ತೋರಿಸುವುದಿಲ್ಲ.

ಹಾವಿನ ನಾಲಿಗೆಯ ಬಗೆಗೂ ಒಂದು ಮಾತು. ಹಳೆಯ ಚಿತ್ರಗಳಲ್ಲಿ ಅದನ್ನು ಬಾಣದಂತೆ, ಕುಟುಕುವ ಮುಳ್ಳಿನಂತೆ ಬರೆಯುವುದುಂಟು. ಹಾವು ನಾಲಿಗೆಯಿಂದ ಕುಟುಕುವುದಿಲ್ಲ. ಗಾಳಿಯಲ್ಲಿನ ವಾಸನೆಯ ಕಣಗಳನ್ನು ಅದರಿಂದ ಹೆಕ್ಕಿ ಅಂಗುಳಿನಲ್ಲಿರುವ ಗ್ರಾಹಕ ಅಂಗಕ್ಕೆ ಮುಟ್ಟಿಸುತ್ತದೆ. ತುದಿ ಕವಲಾಗಿರುವುದರಿಂದ ವಾಸನೆ ಎಡದಲ್ಲಿ ಹೆಚ್ಚೋ ಬಲದಲ್ಲಿ ಹೆಚ್ಚೋ ಎಂಬುದೂ ಅದಕ್ಕೆ ತಿಳಿಯುತ್ತದೆ. ಮೇಲ್ದುಟಿಯ ನಡುವಿನ ಸಣ್ಣ ಸಂದಿನಿಂದಲೇ ನಾಲಿಗೆ ಹೊರಬರುವುದರಿಂದ ಬಾಯಿ ಮುಚ್ಚಿಯೇ ಇರುತ್ತದೆ. ಬಾಯಿ ತೆರೆದು ಕೋರೆಹಲ್ಲು ಕಾಣಿಸುತ್ತಲೇ ನಾಲಿಗೆಯನ್ನೂ ಆಡಿಸುವ ಹಾವು ಬಹುಮಟ್ಟಿಗೆ ಚಿತ್ರಕಾರನ ಸೃಷ್ಟಿ.

ಮನುಷ್ಯನ ಮುಖದಲ್ಲಿ ನಾಲಿಗೆ

ಜಗತ್ತಿನಲ್ಲಿ ಅತ್ಯಂತ ಹೆಚ್ಚು ಜನ ನೋಡಿರುವ ನಾಲಿಗೆಯ ಛಾಯಾಚಿತ್ರ ಆಲ್ಬರ್ಟ್ ಐನ್‌ಸ್ಟೈನ್ ಅವರದೇ ಇರಬೇಕು. 1951ರ ಮಾರ್ಚ್ 14, ಅವರ ಎಪ್ಪತ್ತೆರಡನೆಯ ಹುಟ್ಟುಹಬ್ಬದ ದಿನ, ಪ್ರಿನ್ಸ್‌ಟನ್‌ನಲ್ಲಿ ಸಮಾರಂಭ ಮುಗಿಸಿ ಅವರು ಕಾರಿನ ಹಿಂಬದಿಯ ಸೀಟಿನಲ್ಲಿ ಇಬ್ಬರ ನಡುವೆ ಕುಳಿತಿದ್ದರು. ಇಡೀ ಸಂಜೆ ಪತ್ರಿಕಾ ಛಾಯಾಗ್ರಾಹಕರಿಗಾಗಿ ನಕ್ಕು ಸಾಕಾಗಿದ್ದ ಅವರು ಇನ್ನೊಮ್ಮೆ ನಗಿರೆಂದು ಕೇಳಿದ್ದಕ್ಕೆ ನಾಲಿಗೆ ಚಾಚಿದರು. ಆ ಕ್ಷಣ ಆರ್ಥರ್ ಸ್ಯಾಸ್ ಎಂಬ ಛಾಯಾಗ್ರಾಹಕನಿಗೆ ಸಿಕ್ಕಿತು. ಐನ್‌ಸ್ಟೈನ್ ಆ ಚಿತ್ರವನ್ನು ಮೆಚ್ಚಿ, ಅಕ್ಕಪಕ್ಕದವರು ಕಾಣದಂತೆ ಕತ್ತರಿಸಿ, ಗೆಳೆಯರಿಗೆ ಕಾರ್ಡುಗಳಾಗಿ ಕಳುಹಿಸಿದರು. ನಾವು ಇಂದು ಕಾಣುವ ಚಿತ್ರ ಆ ಕತ್ತರಿಯ ಫಲ. ಕಾರು, ಸೀಟು, ಪಕ್ಕದ ಇಬ್ಬರು ಇರುವ ಪೂರ್ಣ ಚಿತ್ರದಲ್ಲಿ ದಣಿದ ಮುದುಕರೊಬ್ಬರು ಪತ್ರಕರ್ತರನ್ನು ಅಣಕಿಸುತ್ತಿದ್ದಾರೆ. ಕತ್ತರಿಸಿದ ಚಿತ್ರದಲ್ಲಿ ಅವರು ನೇರವಾಗಿ ನಮ್ಮನ್ನೇ ಅಣಕಿಸುತ್ತಿದ್ದಾರೆ.

ಅಲ್ಲಿನ ನಾಲಿಗೆಯನ್ನು ಬೆರಳಿನಿಂದ ಮುಚ್ಚಿ ಕಣ್ಣುಗಳನ್ನಷ್ಟೇ ನೋಡಿ. ಅಗಲವಾಗಿ ತೆರೆದ ಆ ಕಣ್ಣುಗಳಲ್ಲಿ ತುಂಟತನವಿದೆ. ಇನ್ನು ಕಣ್ಣುಗಳನ್ನು ಮುಚ್ಚಿ ನಾಲಿಗೆಯನ್ನಷ್ಟೇ ನೋಡಿದರೆ ಅದು ತುಂಟತನವೋ ಅಸಹ್ಯವೋ ವೈದ್ಯರ ಮುಂದಿನ ಪರೀಕ್ಷೆಯೋ ಹೇಳಲಾಗದು. ನಾಲಿಗೆ ಚಿತ್ರದ ದನಿಯನ್ನು ಏರಿಸುತ್ತದೆ. ಏನು ಹೇಳುತ್ತಿದೆ ಎಂಬುದನ್ನು ನಿರ್ಧರಿಸುವುದು ಕಣ್ಣು. ಸೂಜಿಗೆ ದಾರ ಪೋಣಿಸುವವರ, ಅಕ್ಷರ ತಿದ್ದುವ ಮಕ್ಕಳ ನಾಲಿಗೆಯ ತುದಿಯೂ ಹೊರಗಿರುತ್ತದೆ, ಆದರೆ ಅವರ ಕಣ್ಣು ಕೆಲಸದ ಮೇಲಿರುವುದರಿಂದ ಅದನ್ನು ಯಾರೂ ಅಣಕವೆಂದು ತಿಳಿಯುವುದಿಲ್ಲ.

ಛಾಯಾಚಿತ್ರ ಮತ್ತು ನಾಲಿಗೆ ಎರಡೂ ಸೇರಿ ಮನಶ್ಶಾಸ್ತ್ರದಲ್ಲಿ ದೀರ್ಘ ಚರ್ಚೆಯೊಂದಕ್ಕೆ ಕಾರಣವಾಗಿವೆ. ಎರಡು ಮೂರು ವಾರದ ಕೂಸುಗಳು ಎದುರಿನವರು ನಾಲಿಗೆ ಚಾಚಿದಾಗ ತಾವೂ ಚಾಚುತ್ತವೆ ಎಂದು 1977ರಲ್ಲಿ ಮೆಲ್ಟ್ಜಾಫ್ ಮತ್ತು ಮೂರ್ ಎಂಬ ಸಂಶೋಧಕರು ವರದಿ ಮಾಡಿದರು. ಜೊತೆಗೆ ಪ್ರಕಟವಾದ ಚಿತ್ರಗಳಲ್ಲಿ ಮೇಲೆ ದೊಡ್ಡವರ ಮುಖ, ಕೆಳಗೆ ಅದನ್ನೇ ಅನುಕರಿಸುವ ಕೂಸು. ಆ ಚಿತ್ರಗಳು ಅಧ್ಯಯನಕ್ಕಿಂತ ಹೆಚ್ಚು ಪ್ರಸಿದ್ಧವಾದವು. 2016ರಲ್ಲಿ ನೂರಕ್ಕೂ ಹೆಚ್ಚು ಕೂಸುಗಳನ್ನು ಗಮನಿಸಿದ ಇನ್ನೊಂದು ಅಧ್ಯಯನ, ದೊಡ್ಡವರು ಬೇರೆ ಏನು ಮಾಡಿದಾಗಲೂ ಕೂಸುಗಳು ಅಷ್ಟೇ ಸಲ ನಾಲಿಗೆ ಚಾಚುತ್ತವೆ ಎಂದಿತು. ಚರ್ಚೆ ಇನ್ನೂ ಮುಗಿದಿಲ್ಲ. ಅಕ್ಕಪಕ್ಕ ಇಟ್ಟ ಎರಡು ಸ್ಥಿರಚಿತ್ರಗಳು ಅನುಕರಣೆಯನ್ನು ತೋರಿಸಿದಂತೆ ಅನ್ನಿಸುತ್ತವೆ, ಆದರೆ ನಡುವಿನ ನಿಮಿಷಗಳಲ್ಲಿ ಕೂಸು ಇನ್ನೆಷ್ಟು ಸಲ ನಾಲಿಗೆ ಚಾಚಿತ್ತು ಎಂಬುದನ್ನು ಅವು ಹೇಳಲಾರವು.

ಹಳೆಯ ಯುರೋಪಿನ ಭಾವಚಿತ್ರಗಳಲ್ಲಿ ನಾಲಿಗೆ ಸಿಗುವುದು ಅಪರೂಪ. ಗಂಟೆಗಟ್ಟಲೆ ಕುಳಿತು ಬರೆಸಿಕೊಳ್ಳುವವರು ಬಾಯಿ ತೆರೆದು ಕೂರುವುದು ಕಷ್ಟ; ಅದಕ್ಕಿಂತ ಹೆಚ್ಚಾಗಿ ತೆರೆದ ಬಾಯಿ ಮರ್ಯಾದಸ್ಥರ ಲಕ್ಷಣವಾಗಿರಲಿಲ್ಲ. 1787ರಲ್ಲಿ ಪ್ಯಾರಿಸ್ಸಿನಲ್ಲಿ ಎಲಿಜಬೆತ್ ವಿಜೆ ಲ ಬ್ರಾಂ ಎಂಬ ಚಿತ್ರಕಾರ್ತಿ ತನ್ನದೇ ಚಿತ್ರದಲ್ಲಿ ಹಲ್ಲು ತುಸು ಕಾಣುವಂತೆ ನಕ್ಕದ್ದೇ ಟೀಕೆಗೆ ಗುರಿಯಾಯಿತು. ಹಲ್ಲಿಗೇ ಇಷ್ಟಾದರೆ ನಾಲಿಗೆಯ ಪಾಡು ಊಹಿಸಿಕೊಳ್ಳಬಹುದು. ಅದಕ್ಕೆ ಜಾಗ ಸಿಕ್ಕಿದ್ದು ಲಾಂಛನದ ಸಿಂಹಗಳಲ್ಲಿ: ಇಂಗ್ಲಿಷ್ ಲಾಂಛನಶಾಸ್ತ್ರದ ರೂಢಿಯಂತೆ ಸಿಂಹದ ನಾಲಿಗೆ ಕೆಂಪಾಗಿರಬೇಕು, ಸಿಂಹವೋ ಹಿನ್ನೆಲೆಯೋ ಕೆಂಪಾಗಿದ್ದರೆ ನಾಲಿಗೆ ನೀಲಿಯಾಗಬೇಕು.

ದೇವರು, ದೈತ್ಯರು ಮತ್ತು ಚಾಚಿದ ನಾಲಿಗೆ

ಮನುಷ್ಯರಿಗೆ ನಿಷಿದ್ಧವಾದದ್ದು ದೇವರಿಗೂ ದೈತ್ಯರಿಗೂ ಸಹಜವಾಗಿತ್ತು. ಗ್ರೀಸಿನ ಕಾರ್ಫು ದ್ವೀಪದಲ್ಲಿ ಕ್ರಿಸ್ತಪೂರ್ವ ಸುಮಾರು 580ರ ಆರ್ಟೆಮಿಸ್ ದೇವಾಲಯದ ಮುಖಭಾಗದಲ್ಲಿ ಗಾರ್ಗನ್ ಎಂಬ ರಾಕ್ಷಸಿಯ ಬೃಹತ್ ಉಬ್ಬುಶಿಲ್ಪವಿತ್ತು. ಈಗ ಅದು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಓಡುವ ಭಂಗಿಯ ದೇಹ ಪಕ್ಕಕ್ಕೆ ತಿರುಗಿದ್ದರೂ ಮುಖ ಮಾತ್ರ ನೇರವಾಗಿ ನೋಡುಗನತ್ತ ಇದೆ, ಅಗಲವಾದ ಬಾಯಿಂದ ನಾಲಿಗೆ ಇಳಿಬಿದ್ದಿದೆ. ಇದೇ ಮುಖವನ್ನು ಗ್ರೀಕರು ಗುರಾಣಿಗಳ ಮೇಲೂ ಬರೆದರು. ಕೆಟ್ಟದ್ದನ್ನು ಹೆದರಿಸಿ ಓಡಿಸುವುದು ಅದರ ಕೆಲಸ. ಈಜಿಪ್ಟಿನ ಕುಳ್ಳ ದೇವರು ಬೆಸ್ ಕೂಡ ನಾಲಿಗೆ ಚಾಚಿದವನು. ಬಾಣಂತಿಯನ್ನೂ ಮಗುವನ್ನೂ ಕಾಯುವವನು. ಈಜಿಪ್ಟಿನ ಚಿತ್ರಗಳಲ್ಲಿ ಉಳಿದ ದೇವರುಗಳ ಮುಖ ಸಾಮಾನ್ಯವಾಗಿ ಪಕ್ಕದಿಂದ ಕಾಣುತ್ತದೆ, ಬೆಸ್‌ನದು ಎದುರಿನಿಂದ. ಎರಡೂ ಕಡೆ ಶಿಲ್ಪಿಗಳು ಒಂದೇ ತೀರ್ಮಾನಕ್ಕೆ ಬಂದಂತಿದೆ: ಹೆದರಿಸುವ ನಾಲಿಗೆಗೆ ದಿಟ್ಟಿಸುವ ಎರಡು ಕಣ್ಣುಗಳು ಬೇಕು, ಅವು ಪಕ್ಕನೋಟದಲ್ಲಿ ಸಿಗುವುದಿಲ್ಲ.

ನ್ಯೂಜಿಲೆಂಡಿನ ಮಾವೊರಿ ಜನರ ಮರದ ಕೆತ್ತನೆಗಳಲ್ಲೂ ಇದೇ ಜೋಡಿ ಕಾಣುತ್ತದೆ. ಹಾಕಾ ಎಂಬ ಅವರ ಕುಣಿತದಲ್ಲಿ ಗಂಡಸರು ಎದುರಾಳಿಗೆ ಸವಾಲಾಗಿ ನಾಲಿಗೆ ಚಾಚುವುದಕ್ಕೆ ‘ವೆಟೆರೊ’ ಎಂಬ ಪ್ರತ್ಯೇಕ ಹೆಸರಿದೆ. ಕಣ್ಣರಳಿಸುವುದು ಅದರೊಂದಿಗೇ ನಡೆಯುತ್ತದೆ. 1790ರಲ್ಲಿ ಮೆಕ್ಸಿಕೊ ನಗರದ ಚೌಕದಲ್ಲಿ ಸಿಕ್ಕಿದ, ಸುಮಾರು 3.6 ಮೀಟರ್ ಅಡ್ಡಗಲದ ಅಜ್ಟೆಕ್ ಸೂರ್ಯಶಿಲೆಯ ನಡುವಿನ ಮುಖದಲ್ಲಿ ನಾಲಿಗೆ ಇರಬೇಕಾದ ಕಡೆ ಬಲಿಗೆ ಬಳಸುವ ಕಲ್ಲಿನ ಚೂರಿಯಿದೆ. ಆ ಮುಖ ಯಾವ ದೇವರದು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಚೂರಿಯ ಅರ್ಥದ ಬಗ್ಗೆ ಅಷ್ಟು ಗೊಂದಲವಿಲ್ಲ.

ಕಾಳಿಯ ನಾಲಿಗೆಗೆ ಎರಡು ವಿವರಣೆಗಳಿವೆ, ಮತ್ತು ಅವು ಒಂದಕ್ಕೊಂದು ಪೂರಾ ವಿರುದ್ಧ. ದೇವೀಮಾಹಾತ್ಮ್ಯೆಯಲ್ಲಿ ರಕ್ತಬೀಜನೆಂಬ ಅಸುರನ ರಕ್ತದ ಪ್ರತಿ ಹನಿ ನೆಲಕ್ಕೆ ಬಿದ್ದಾಗಲೂ ಇನ್ನೊಬ್ಬ ಅಸುರ ಹುಟ್ಟುತ್ತಾನೆ. ಕಾಳಿ ಬಾಯಿಯನ್ನು ಅಗಲಿಸಿ ಆ ರಕ್ತ ನೆಲ ಮುಟ್ಟದಂತೆ ಕುಡಿಯುತ್ತಾಳೆ. ಇಲ್ಲಿ ನಾಲಿಗೆ ಆಯುಧ. ಬಂಗಾಳದಲ್ಲಿ ಜನಪ್ರಿಯವಾದ ಇನ್ನೊಂದು ವಿವರಣೆಯಲ್ಲಿ, ಉನ್ಮತ್ತಳಾಗಿ ಕುಣಿಯುತ್ತಿದ್ದ ಆಕೆ ತನ್ನ ಕಾಲಡಿ ಶಿವನೇ ಮಲಗಿರುವುದನ್ನು ಅರಿತು ನಾಚಿ ನಾಲಿಗೆ ಕಚ್ಚಿಕೊಂಡಳು. ತಪ್ಪಾದಾಗ ನಾಲಿಗೆ ಕಚ್ಚಿಕೊಳ್ಳುವುದು ಕನ್ನಡದವರಿಗೂ ಪರಿಚಿತವಾದ ಅಭಿನಯವಾದ್ದರಿಂದ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಕೋಲ್ಕತ್ತದ ಕಾಳಿಘಾಟ್ ಚಿತ್ರಗಳನ್ನು ಈ ಎರಡೂ ಕಥೆಗಳನ್ನು ಮನಸ್ಸಿನಲ್ಲಿಟ್ಟು ನೋಡಬೇಕು: ಕೆಲವೇ ಬಳುಕು ಗೆರೆಗಳ ನಡುವೆ ಉದ್ದನೆಯ ನಾಲಿಗೆ, ಮೇಲೆ ದೊಡ್ಡ ಕಣ್ಣುಗಳು, ಒಂದು ಕಥೆಯೊಂದಿಗೆ ಅವು ಉಗ್ರವಾಗಿ ಕಾಣುತ್ತವೆ, ಇನ್ನೊಂದರೊಂದಿಗೆ ಬೆರಗಾಗಿ.

ಈ ನಾಲಿಗೆ ಸಾಗಿದ ದೂರವೂ ಕುತೂಹಲದ್ದು. 1970ರಲ್ಲಿ ಲಂಡನ್ನಿನ ಕಲಾ ವಿದ್ಯಾರ್ಥಿ ಜಾನ್ ಪ್ಯಾಷ್ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ಸಂಗೀತ ತಂಡಕ್ಕಾಗಿ ತುಟಿ ಮತ್ತು ನಾಲಿಗೆಯ ಲಾಂಛನ ಬರೆದಾಗ, ಗಾಯಕ ಮಿಕ್ ಜ್ಯಾಗರ್ ಅವನಿಗೆ ತೋರಿಸಿದ್ದು ಕಾಳಿಯ ಚಿತ್ರವೊಂದನ್ನು. ಪ್ಯಾಷ್‌ಗೆ ಆಗ ದೊರೆತ ಸಂಭಾವನೆ 50 ಪೌಂಡ್. 2008ರಲ್ಲಿ ಅದರ ಮೂಲಚಿತ್ರವನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಕೊಂಡುಕೊಂಡಿತು. ಕಾಳಿಯ ಕಣ್ಣು, ಕೈ, ಕತ್ತಿ ಎಲ್ಲವೂ ಕಳಚಿಹೋಗಿ ಬಾಯಿಯೊಂದೇ ಉಳಿದ ಈ ಚಿತ್ರದಲ್ಲಿ ಕಣ್ಣಿಲ್ಲದ್ದರಿಂದಲೇ ನಾಲಿಗೆ ಅಣಕವೂ ಹೌದು, ಪ್ರತಿಭಟನೆಯೂ ಹೌದು, ಬಯಕೆಯೂ ಹೌದು. ಬೇಕಾದವರು ಬೇಕಾದ ಅರ್ಥವನ್ನು ಅಂಟಿಸಿಕೊಳ್ಳಬಹುದು.

ನೆಕ್ಕುವ ನಾಲಿಗೆ

ಇಲ್ಲಿಯವರೆಗಿನ ಶಿಲ್ಪ ಮತ್ತು ಚಿತ್ರಗಳಲ್ಲಿ ನಾಲಿಗೆ ನೋಡುಗನಿಗಾಗಿ ಚಾಚಿದ್ದು. ತನ್ನ ಪಾಡಿಗೆ ಕೆಲಸ ಮಾಡುವ ನಾಲಿಗೆಯನ್ನು ಬಿಡಿಸಿದ ಕಲಾವಿದರೂ ಇದ್ದಾರೆ, ನನ್ನ ಮಟ್ಟಿಗೆ ಅವರದು ಹೆಚ್ಚು ಕಷ್ಟದ ಕೆಲಸ. ಮಾಮಲ್ಲಪುರದ ಕೃಷ್ಣಮಂಟಪದಲ್ಲಿ, ಏಳನೆಯ ಶತಮಾನದ ಬಂಡೆಯ ಮೇಲೆ, ಗೋವರ್ಧನವನ್ನು ಎತ್ತಿ ಹಿಡಿದ ಕೃಷ್ಣನ ಆಶ್ರಯದಲ್ಲಿ ಗೋಪಾಲಕನೊಬ್ಬ ಹಸುವಿನ ಹಾಲು ಕರೆಯುತ್ತಿದ್ದಾನೆ. ಹಸು ತಲೆ ತಗ್ಗಿಸಿ ಕರುವನ್ನು ನೆಕ್ಕುತ್ತಿದೆ. ನಾಲಿಗೆ ಕಂಡೂ ಕಾಣದಷ್ಟು. ಕಾಣುವುದು ಬಾಗಿದ ಕುತ್ತಿಗೆ ಮತ್ತು ನೆಕ್ಕಿಸಿಕೊಳ್ಳುವ ಕರುವಿನ ನಿಲುವು.

ಇದಕ್ಕೂ ಬಹಳ ಹಿಂದಿನದು ಫ್ರಾನ್ಸಿನ ಲಾ ಮದಲೇನ್ ಎಂಬ ಕಲ್ಲಾಸರೆಯಲ್ಲಿ ದೊರೆತ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಕೆತ್ತನೆ. ಹಿಮಯುಗದ ಬೇಟೆಗಾರನೊಬ್ಬ ಹಿಮಸಾರಂಗದ ಕೊಂಬಿನ ತುಂಡಿನಲ್ಲಿ ಕಾಡೆಮ್ಮೆಯನ್ನು ಹೋಲುವ ಬೈಸನ್ನನ್ನು ಕೊರೆದಿದ್ದಾನೆ. ಅದು ಹನ್ನೆರಡು ಸಾವಿರ ವರ್ಷಕ್ಕೂ ಹಳೆಯದು. ತಲೆಯನ್ನು ಮುಂದಕ್ಕೆ ಚಾಚಿಸಲು ಕೊಂಬಿನಲ್ಲಿ ಜಾಗವಿರಲಿಲ್ಲ. ಆತ ತಲೆಯನ್ನು ಹಿಂದಕ್ಕೆ ಹೊರಳಿಸಿ ಪ್ರಾಣಿಯ ಬೆನ್ನಿನ ಮೇಲೆಯೇ ಕೂರಿಸಿದ. ಹಿಂದಕ್ಕೆ ಹೊರಳಿದ ತಲೆಗೆ ಒಂದು ಕಾರಣ ಬೇಕಲ್ಲ. ಬೈಸನ್ ತನ್ನ ಪಕ್ಕೆಯನ್ನು, ಬಹುಶಃ ನೊಣ ಕಚ್ಚಿದ ಜಾಗವನ್ನು, ನೆಕ್ಕಿಕೊಳ್ಳುತ್ತಿದೆ. ತುಟಿಯಿಂದ ಹೊರಬಂದ ಸಣ್ಣ ನಾಲಿಗೆ, ಅದರ ಮೇಲೆ ಬಾಗಿದ ಕಣ್ಣು, ಕುತ್ತಿಗೆಯ ಕೂದಲು, ಎಲ್ಲವನ್ನೂ ಕಲ್ಲಿನ ಉಳಿಯ ಮೊನೆಯಿಂದ ಗೀರಿ ಮೂಡಿಸಲಾಗಿದೆ.